ಫ್ಲ್ಯಾಟಿಗೆ ಯಾವ ನಾಯಿ?

ಅಪಾರ್ಟ್‌ಮೆಂಟಿನಲ್ಲಿ ಸಾಕಲು ನಾಯಿ ಆರಿಸುವವರು ಮೊದಲು ನೋಡುವುದು ಗಾತ್ರವನ್ನು. ಮನೆ ಚಿಕ್ಕದು, ನಾಯಿಯೂ ಚಿಕ್ಕದಿದ್ದರೆ ಸರಿಹೋಗುತ್ತದೆ ಎಂಬ ಲೆಕ್ಕ. ಈ ಲೆಕ್ಕ ಅರ್ಧ ಮಾತ್ರ ಸರಿ. ಆರೇಳು ಕಿಲೋ ತೂಗುವ ಜ್ಯಾಕ್ ರಸೆಲ್ ಟೆರಿಯರ್ ಇಡೀ ಮನೆಯನ್ನು ತಲೆಕೆಳಗು ಮಾಡಬಲ್ಲದು. ಐವತ್ತು ಕಿಲೋದ ಗ್ರೇಟ್ ಡೇನ್ ಎರಡು ಹೊತ್ತು ಅಡ್ಡಾಡಿ ಬಂದು ಸೋಫಾದ ಪಕ್ಕ ಮಲಗಿಬಿಡುತ್ತದೆ. ಮನೆಯ ಚದರಡಿಗಿಂತ ನಾಯಿಯ ಮೂತಿ, ಅದರ ಕೂದಲು, ಅದರ ಪೂರ್ವಜರು ಮಾಡುತ್ತಿದ್ದ ಕೆಲಸ, ಮನೆಯವರು ಬೀಗ ಹಾಕಿಕೊಂಡು ಹೋದ ಮೇಲೆ ಅದು ಒಂಟಿಯಾಗಿ ಕಳೆಯಬೇಕಾದ ಗಂಟೆಗಳು ಹೆಚ್ಚು ಮುಖ್ಯ.

ಮಂಡ್ಯ ತಾಲ್ಲೂಕಿನ ದುದ್ದ ಹೋಬಳಿಯಂಥ ಕಡೆ ಈ ಪ್ರಶ್ನೆ ಏಳುವುದೇ ಕಡಿಮೆ. ಹಳ್ಳಿಯ ನಾಯಿ ಜಗಲಿಯ ಮೇಲೆ ಮಲಗುತ್ತದೆ, ಹೊಲಕ್ಕೆ ಹೊರಟವರ ಹಿಂದೆ ಹೋಗಿ ಬರುತ್ತದೆ, ರಾತ್ರಿ ಕೊಟ್ಟಿಗೆಯನ್ನೂ ಹುಲ್ಲಿನ ಮೆದೆಯನ್ನೂ ಕಾಯುತ್ತದೆ, ಮಿಕ್ಕ ಮುದ್ದೆ ತಿನ್ನುತ್ತದೆ. ಅದರ ಓಡಾಟ, ಶೌಚ, ಗೆಳೆತನ, ಜಗಳ ಎಲ್ಲವೂ ಅದರದೇ ಹೊಣೆ. ಅದೇ ಮನೆಯ ಮಕ್ಕಳು ಬೆಂಗಳೂರಿನಲ್ಲಿ ಐದನೆಯ ಅಂತಸ್ತಿನ ಫ್ಲ್ಯಾಟು ಹಿಡಿದು ನಾಯಿ ತಂದರೆ ಆ ಹೊಣೆಯೆಲ್ಲ ಮನುಷ್ಯರ ತಲೆಗೆ ಬರುತ್ತದೆ. ನಾಯಿಗೆ ಉಳಿಯುವುದು ಕಾಯುವ ಕೆಲಸವೊಂದೇ. ಅದನ್ನೂ ಮಾಡಬೇಡವೆಂದು ಎದುರು ಮನೆಯವರು ದೂರು ಕೊಡುತ್ತಾರೆ.

ಆಯ್ಕೆಯಲ್ಲಿ ಮೊದಲು ಪರೀಕ್ಷಿಸಬೇಕಾದದ್ದು ಸೆಕೆ ತಾಳುವ ಶಕ್ತಿ. ನಾಯಿಯ ದೇಹದ ಸಹಜ ಉಷ್ಣತೆ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್, ಮನುಷ್ಯರಿಗಿಂತ ಹೆಚ್ಚು. ಮೈಯೆಲ್ಲ ಬೆವರಿ ತಂಪಾಗುವ ಸೌಲಭ್ಯ ಅದಕ್ಕಿಲ್ಲ. ಅಂಥ ಬೆವರಗ್ರಂಥಿಗಳು ಇರುವುದು ಮುಖ್ಯವಾಗಿ ಪಾದದ ಮೆತ್ತೆಗಳಲ್ಲಿ. ಹಾಗಾಗಿ ನಾಯಿ ನಾಲಿಗೆ ಚಾಚಿ ಏದುಸಿರು ಬಿಡುತ್ತದೆ. ಮೂಗಿನೊಳಗೆ ಸುರುಳಿ ಸುರುಳಿಯಾಗಿರುವ ತೆಳು ಎಲುಬುಗಳ ಮೇಲೆ ತೇವದ ಪೊರೆ ಹರಡಿಕೊಂಡಿದೆ. ಉಸಿರು ಅದರ ಮೇಲೆ ಹಾದುಹೋಗುವಾಗ ತೇವ ಆವಿಯಾಗಿ, ಅಲ್ಲಿ ಹರಿಯುವ ರಕ್ತದ ಶಾಖವನ್ನು ಹೊತ್ತೊಯ್ಯುತ್ತದೆ. ಮೂತಿ ಉದ್ದವಿದ್ದಷ್ಟೂ ಈ ಪೊರೆಯ ವಿಸ್ತಾರ ಹೆಚ್ಚು.

ಪಗ್, ಫ್ರೆಂಚ್ ಬುಲ್‌ಡಾಗ್, ಶಿಟ್ಸುಗಳಲ್ಲಿ ಕೆಡುವುದು ಇದೇ ವ್ಯವಸ್ಥೆ. ಮನುಷ್ಯರು ಚಪ್ಪಟೆ ಮುಖಕ್ಕಾಗಿ ತಲೆಮಾರುಗಟ್ಟಲೆ ಆರಿಸುತ್ತ ಹೋದಾಗ ಮೂತಿಯ ಎಲುಬು ಕುಗ್ಗಿತು. ಒಳಗಿನ ಮೆದು ಮಾಂಸ ಅದೇ ಪ್ರಮಾಣದಲ್ಲಿ ಕುಗ್ಗಲಿಲ್ಲ. ಅಂಗುಳಿನ ಹಿಂಭಾಗ ಗಂಟಲಿಗೆ ಜೋತುಬಿದ್ದು ಗಾಳಿಯ ದಾರಿಗೆ ಅಡ್ಡವಾಗುತ್ತದೆ, ಮೂಗಿನ ಹೊಳ್ಳೆಗಳು ಸೀಳಿನಂತೆ ಕಿರಿದಾಗುತ್ತವೆ. ಪಗ್ಗಿನ ಗೊರಕೆ ಕೇಳಿ ಮನೆಯವರು ನಗುತ್ತಾರೆ. ವೈದ್ಯರಿಗೆ ಅದು ಉಸಿರಾಟ ಕಟ್ಟುತ್ತಿರುವ ಸದ್ದು. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆ ನಡೆದ ಪಗ್ಗು ಈ ತಳಿಯನ್ನು ದೇಶದುದ್ದಕ್ಕೂ ಮನೆಮಾತಾಗಿಸಿತು. ಏಪ್ರಿಲ್ ತಿಂಗಳ ಮಧ್ಯಾಹ್ನ ಅದು ಹಾಗೆ ನಡೆಯಲಾರದು ಎಂಬುದು ಜಾಹೀರಾತಿನ ವಿಷಯವಾಗಿರಲಿಲ್ಲ. ನೆದರ್ಲೆಂಡ್ಸ್ 2019ರಿಂದ, ಮೂತಿಯ ಉದ್ದ ತಲೆಬುರುಡೆಯ ಮೂರನೇ ಒಂದು ಭಾಗದಷ್ಟೂ ಇಲ್ಲದ ನಾಯಿಗಳಿಂದ ಮರಿ ಮಾಡಿಸುವುದನ್ನು ತಡೆದಿದೆ. ಆ ದೇಶದ ಬೇಸಿಗೆ ನಮ್ಮ ಮಾಘ ಮಾಸಕ್ಕಿಂತ ತಣ್ಣಗಿರುತ್ತದೆ. ಒಂಬೈನೂರು ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲೇ 2024ರ ಏಪ್ರಿಲ್ 28ರಂದು ತಾಪಮಾನ 38.5 ಡಿಗ್ರಿ ಮುಟ್ಟಿತ್ತು; ಮಂಡ್ಯ ಅದಕ್ಕಿಂತ ತಗ್ಗಿನಲ್ಲಿದೆ. ತಾರಸಿಗೆ ಅಂಟಿಕೊಂಡ ಕೊನೆಯ ಅಂತಸ್ತಿನಲ್ಲಿ, ಪಡುವಣ ಬಿಸಿಲು ಬೀಳುವ ಮನೆಯಲ್ಲಿ ಚಪ್ಪಟೆ ಮೂತಿಯ ನಾಯಿ ಸಾಕುವುದು ನಾಯಿಗೂ ಕಷ್ಟ, ಕರೆಂಟಿನ ಬಿಲ್ಲಿಗೂ ಕಷ್ಟ. ಫ್ಲ್ಯಾಟಿಗೆ ಹೇಳಿಮಾಡಿಸಿದ ನಾಯಿಗಳೆಂದು ಮಾರಾಟವಾಗುವವು ಹೆಚ್ಚಾಗಿ ಇವೇ ಎಂಬುದು ವಿಚಿತ್ರ.

ಸೈಬೀರಿಯನ್ ಹಸ್ಕಿಯ ತೊಂದರೆ ಬೇರೆ. ಅದರ ಮೂತಿ ಉದ್ದವಾಗಿಯೇ ಇದೆ. ಕೂದಲು ಮಾತ್ರ ಎರಡು ಪದರ. ಒಳಗಿನ ಉಣ್ಣೆಯಂಥ ಪದರ ಹಿಮದಲ್ಲಿ ಮೈಶಾಖವನ್ನು ಹಿಡಿದಿಡಲು ಬೆಳೆದದ್ದು. ಏಸಿ ಹಾಕಿ ಸೆಕೆ ತಗ್ಗಿಸಬಹುದು, ಆದರೆ ಜಾರುಬಂಡಿ ಎಳೆದುಕೊಂಡು ಮೈಲಿಗಟ್ಟಲೆ ಓಡಿದ ವಂಶದ ಕಾಲುಗಳಿಗೆ ಏಸಿಯಿಂದ ಸಮಾಧಾನವಿಲ್ಲ.

ಇಲ್ಲಿ ಎರಡನೆಯ ವಿಷಯ ಬರುತ್ತದೆ: ತಳಿಯ ಹಳೆಯ ಕಸುಬು. ಬೀಗಲ್ ಮೊಲದ ಬೇಟೆಗೆ ಗುಂಪಾಗಿ ಹೋಗುತ್ತಿದ್ದ ನಾಯಿ. ವಾಸನೆ ಸಿಕ್ಕಾಗ ದೂರದ ಬೇಟೆಗಾರನಿಗೆ ಕೇಳುವಂತೆ ಊಳಿಡುವುದೇ ಅದರ ಗುಣವೆಂದು ಮೆಚ್ಚಿ ಬೆಳೆಸಿದರು. ಆ ಮೆಚ್ಚುಗೆಯ ದನಿ ಇಂದು ಗೋಡೆಗೆ ಗೋಡೆ ತಾಗಿದ ಮೂರು ಮನೆಗಳಿಗೆ ಕೇಳುತ್ತದೆ. ಬಾರ್ಡರ್ ಕಾಲಿ ತಳಿಗೆ ಕುರಿಮಂದೆ ಬೇಕು. ಮಂದೆ ಇಲ್ಲದಿದ್ದರೆ ಅದು ಮಕ್ಕಳನ್ನೋ ಸೈಕಲ್ಲನ್ನೋ ತಿರುಗಿಸಲು ನೋಡುತ್ತದೆ. ನಮ್ಮಲ್ಲಿ ಪಾಮೇರಿಯನ್ ಎಂದು ಕರೆಸಿಕೊಳ್ಳುವ ಬಿಳಿ ನಾಯಿ ಬಹುಮಟ್ಟಿಗೆ ಇಂಡಿಯನ್ ಸ್ಪಿಟ್ಜ್. ಅದು ನಮ್ಮ ಸೆಕೆಗೆ ಸಾಕಷ್ಟು ಒಗ್ಗಿದೆ, ಆರೋಗ್ಯವೂ ಗಟ್ಟಿ. ಆದರೆ ಪ್ಯಾಸೇಜಿನಲ್ಲಿ ಯಾರು ನಡೆದರೂ ಬೊಗಳುತ್ತದೆ. ಮನುಷ್ಯರ ಕಿವಿ 20,000 ಹರ್ಟ್ಸ್‌ವರೆಗಿನ ಸದ್ದು ಹಿಡಿದರೆ ನಾಯಿಯದು ಸುಮಾರು 45,000 ಹರ್ಟ್ಸ್‌ವರೆಗೆ ಹಿಡಿಯುತ್ತದೆ. ಲಿಫ್ಟಿನ ಕೀರಲು, ಮೇಲಿನ ಮನೆಯ ಕುರ್ಚಿ ಎಳೆತ, ಪಕ್ಕದ ಮನೆಯ ಕುಕ್ಕರಿನ ಸೀಟಿ ಇವೆಲ್ಲ ಅದಕ್ಕೆ ಸುದ್ದಿಯೇ.

ಕುಳ್ಳಗಾಲಿನ ಡ್ಯಾಶ್‌ಹೌಂಡ್ ಗಾತ್ರದ ಲೆಕ್ಕದಲ್ಲಿ ಫ್ಲ್ಯಾಟಿಗೆ ಸರಿಯೆನಿಸುತ್ತದೆ. ಅದರ ಕಾಲು ಕುಳ್ಳಗಾಗಲು ಕಾರಣ ಎಫ್‌ಜಿಎಫ್4 ಎಂಬ ಜೀನಿನ ಹೆಚ್ಚುವರಿ ಪ್ರತಿ ಎಂದು 2009ರಲ್ಲಿ ತಿಳಿಯಿತು. ಇದೇ ಜೀನಿನ ಮತ್ತೊಂದು ಪ್ರತಿ ಬೆನ್ನುಮೂಳೆಯ ನಡುವಿನ ಬಿಲ್ಲೆಗಳನ್ನು ಬೇಗ ಗಡಸಾಗಿಸಿ, ಅವು ಜಾರುವಂತೆ ಮಾಡುತ್ತದೆ. ಕರೆಂಟು ಹೋಗಿ ಲಿಫ್ಟು ನಿಂತ ದಿನ ನಾಲ್ಕು ಅಂತಸ್ತಿನ ಮೆಟ್ಟಿಲು ಅದಕ್ಕೆ ಕೇಡು, ಎತ್ತಿಕೊಂಡೇ ಇಳಿಸಬೇಕು.

ಲ್ಯಾಬ್ರಡಾರ್ ಸಾಧು, ಕಲಿಯುವುದು ಬೇಗ, ಮಕ್ಕಳಿಗೆ ಹೊಂದಿಕೊಳ್ಳುತ್ತದೆ. 2022ರಲ್ಲಿ ಕಿರಣ್‌ರಾಜ್ ಕೆ. ನಿರ್ದೇಶನದ ‘777 ಚಾರ್ಲಿ’ ನೋಡಿ ಬಂದ ಎಷ್ಟೋ ಮನೆಗಳಲ್ಲಿ ಮಕ್ಕಳು ಇದೇ ನಾಯಿ ಬೇಕೆಂದು ಹಟ ಹಿಡಿದರು. ಆ ಚಿತ್ರದ ಕಥೆಯಲ್ಲೇ ದುಡ್ಡಿನಾಸೆಗೆ ರಕ್ತಸಂಬಂಧದೊಳಗೆ ಮರಿ ಮಾಡಿಸುವ ದಂಧೆಯ ಪರಿಣಾಮವೂ ಇದೆ. ಅದು ಅಷ್ಟಾಗಿ ಮನಸ್ಸಿಗೆ ಇಳಿದಂತಿಲ್ಲ. ಫ್ಲ್ಯಾಟಿನ ಲ್ಯಾಬ್ರಡಾರಿಗೆ ದೊಡ್ಡ ಅಪಾಯ ಬೊಜ್ಜು. ಈ ತಳಿಯ ಸುಮಾರು ಕಾಲು ಭಾಗ ನಾಯಿಗಳಲ್ಲಿ ಪಿಒಎಂಸಿ ಎಂಬ ಜೀನಿನ ಒಂದು ತುಣುಕು ಕಾಣೆಯಾಗಿರುತ್ತದೆ ಎಂದು ಕೇಂಬ್ರಿಡ್ಜ್‌ನ ಸಂಶೋಧಕರು 2016ರಲ್ಲಿ ಕಂಡುಕೊಂಡರು. ಹಸಿವಿಗೆ ಕಡಿವಾಣ ಹಾಕುವ ಸಂದೇಶ ಅಂಥ ನಾಯಿಯ ಮಿದುಳಿನಲ್ಲಿ ಸರಿಯಾಗಿ ಹುಟ್ಟುವುದಿಲ್ಲ. ತಿಂದು ಮುಗಿಸಿ ಐದು ನಿಮಿಷಕ್ಕೆ ಅದು ತಟ್ಟೆಯ ಮುಂದೆ ಕೂತು ನೋಡುವುದು ನಾಟಕವಲ್ಲ. ಹಾಗೆಂದು ಅಜ್ಜಿ ಬಿಸ್ಕತ್ತು, ಅಮ್ಮ ಚಪಾತಿ, ಮಕ್ಕಳು ಚಿಪ್ಸು ಕೊಡುತ್ತ ಹೋದರೆ ನಾಲ್ಕೇ ವರ್ಷಕ್ಕೆ ಅದರ ಸೊಂಟದ ಕೀಲು ನೋಯತೊಡಗುತ್ತದೆ. ನುಣುಪಾದ ವಿಟ್ರಿಫೈಡ್ ಟೈಲ್ಸು ಆ ನೋವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಓಡಾಡುವ ದಾರಿಗೆ ಒರಟು ಚಾಪೆ ಹಾಸುವುದು ಸುಲಭದ ಪರಿಹಾರ.

ಇಷ್ಟು ಹೇಳಿದ ಮೇಲೂ ತಳಿಯ ಹೆಸರನ್ನು ಪೂರ್ತಿ ನಂಬುವಂತಿಲ್ಲ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅಮೆರಿಕದ ಸಂಶೋಧಕರ ಅಧ್ಯಯನವೊಂದು ಪ್ರಕಟವಾಯಿತು. 18,000ಕ್ಕೂ ಹೆಚ್ಚು ನಾಯಿಗಳ ಬಗ್ಗೆ ಅವುಗಳ ಮಾಲೀಕರು ಕೊಟ್ಟ ಉತ್ತರಗಳನ್ನೂ, 2,155 ನಾಯಿಗಳ ಡಿಎನ್ಎಯನ್ನೂ ಹೋಲಿಸಿ ನೋಡಿದಾಗ, ನಾಯಿ ನಾಯಿಗಳ ನಡುವೆ ನಡವಳಿಕೆಯಲ್ಲಿ ಇರುವ ವ್ಯತ್ಯಾಸದ ಶೇಕಡ 9ರಷ್ಟನ್ನು ಮಾತ್ರ ತಳಿಯಿಂದ ವಿವರಿಸಲು ಸಾಧ್ಯವಾಯಿತು. ಮೂತಿ, ಕೂದಲು, ಕಾಲಿನ ಉದ್ದಗಳ ಬಗ್ಗೆ ತಳಿ ಹೇಳುವ ಮಾತು ಹೆಚ್ಚುಕಡಿಮೆ ಖಚಿತ. ಸಿಟ್ಟು, ಸಲುಗೆ, ಅಂಜಿಕೆಗಳ ಬಗ್ಗೆ ಅದು ಹೇಳುವುದು ಅಂದಾಜು. ಒಂದೇ ಸೂಲಿನ ಎರಡು ಮರಿಗಳಲ್ಲಿ ಒಂದು ಪುಕ್ಕಲು, ಇನ್ನೊಂದು ಪುಂಡ ಆಗಿರುವುದುಂಟು.

ಕರ್ನಾಟಕದ್ದೇ ತಳಿಯಾದ ಮುಧೋಳ ನಾಯಿ ಫ್ಲ್ಯಾಟಿಗೆ ಆಗುತ್ತದೆಯೇ ಎಂಬುದು ಈಚೆಗೆ ಹೆಚ್ಚಾಗಿ ಕೇಳಿಬರುವ ಪ್ರಶ್ನೆ. ಮುಧೋಳದ ಘೋರ್ಪಡೆ ರಾಜಮನೆತನದ ಆಸರೆಯಲ್ಲಿ ಬೆಳೆದ ಈ ಬೇಟೆನಾಯಿಗೆ 2005ರಲ್ಲಿ ಅಂಚೆ ಚೀಟಿಯ ಗೌರವ ಸಿಕ್ಕಿತು. 2016ರಲ್ಲಿ ಇದರ ಮರಿಗಳು ತರಬೇತಿಗಾಗಿ ಮೀರತ್‌ನ ಸೇನಾ ಕೇಂದ್ರಕ್ಕೆ ಹೋದವು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಕೇಂದ್ರವಿದೆ. ಗಿಡ್ಡ ಕೂದಲು, ಉದ್ದ ಮೂತಿ, ಕೊಬ್ಬಿಲ್ಲದ ಮೈ: ಸೆಕೆಯ ಮಟ್ಟಿಗೆ ಇದಕ್ಕಿಂತ ಹೊಂದುವ ಜಾತಿ ನಾಯಿ ಸಿಗುವುದು ಕಷ್ಟ. ಬೊಗಳುವುದೂ ಕಡಿಮೆ, ಓಡಿ ಬಂದರೆ ಗಂಟೆಗಟ್ಟಲೆ ಮಲಗುತ್ತದೆ. ತೊಡಕಿರುವುದು ಕಣ್ಣಿನಲ್ಲಿ. ಉದ್ದ ಮೂತಿಯ ನಾಯಿಗಳ ಅಕ್ಷಿಪಟಲದಲ್ಲಿ ನರಕೋಶಗಳು ಅಡ್ಡಪಟ್ಟಿಯಂತೆ ಹರಡಿರುತ್ತವೆ, ಮೋಟು ಮೂತಿಯವುಗಳಲ್ಲಿ ನಡುವೆ ಒತ್ತಾಗಿರುತ್ತವೆ ಎಂದು ಆಸ್ಟ್ರೇಲಿಯಾದ ಸಂಶೋಧಕರು 2004ರಲ್ಲಿ ತೋರಿಸಿದರು. ಬಯಲಿನ ಉದ್ದಗಲವನ್ನು ಒಂದೇ ನೋಟಕ್ಕೆ ಹಿಡಿಯುವ ಕಣ್ಣು ಅದು. ಬಾಲ್ಕನಿಯಿಂದ ಕಾಣುವ ಬೆಕ್ಕು, ಪಾರಿವಾಳ ಎಲ್ಲವೂ ಅದಕ್ಕೆ ಬೇಟೆ. ಬಾಲ್ಕನಿಗೆ ಎತ್ತರದ ಜಾಲರಿ ಬೇಕು, ದಿನಕ್ಕೊಮ್ಮೆ ಬೇಲಿಯೊಳಗಿನ ಬಯಲಿನಲ್ಲಿ ಹಗ್ಗ ಬಿಚ್ಚಿ ಓಡಿಸುವ ಅನುಕೂಲ ಬೇಕು. ಹೊಸಬರನ್ನು ಅದು ಸುಲಭಕ್ಕೆ ಹತ್ತಿರ ಬಿಟ್ಟುಕೊಳ್ಳದು. ಬಯಲಿನ ಅನುಕೂಲ ಇಲ್ಲದವರು ಊರಭಿಮಾನಕ್ಕೆ ಮುಧೋಳ ತರುವುದು ಬೇಡ.

ಉಳಿದದ್ದು ಕಂತ್ರಿ ನಾಯಿ. 2023ರ ಸಮೀಕ್ಷೆಯ ಪ್ರಕಾರ ಬೆಂಗಳೂರಿನ ಬೀದಿಗಳಲ್ಲಿ ಸುಮಾರು 2.79 ಲಕ್ಷ ನಾಯಿಗಳಿದ್ದವು. ಹದಿನೈದಿಪ್ಪತ್ತು ಕಿಲೋದ ಹದವಾದ ಮೈ, ಗಿಡ್ಡ ಕೂದಲು, ಸರಿಯಾದ ಮೂತಿ. ಮನುಷ್ಯರು ಆರಿಸದೆ ಬಿಸಿಲು, ರೋಗ, ಹಸಿವುಗಳೇ ಆರಿಸಿದ್ದರಿಂದ ರಕ್ತಸಂಬಂಧದೊಳಗೆ ಮರಿ ಮಾಡಿಸುವುದರಿಂದ ಬರುವ ಕಾಯಿಲೆಗಳು ಇವಕ್ಕೆ ಕಡಿಮೆ. ನಮ್ಮ ಊಟಕ್ಕೂ ಒಗ್ಗಿವೆ: ತೋಳಕ್ಕೆ ಹೋಲಿಸಿದರೆ ನಾಯಿಯಲ್ಲಿ ಪಿಷ್ಟ ಜೀರ್ಣಿಸುವ ಎಎಂವೈ2ಬಿ ಜೀನಿನ ಪ್ರತಿಗಳು ಹೆಚ್ಚು ಎಂದು 2013ರಲ್ಲಿ ಸ್ವೀಡನ್ನಿನ ಸಂಶೋಧಕರು ತಿಳಿಸಿದರು. ರಾಗಿಮುದ್ದೆ ಕೊಟ್ಟರೆ ತಪ್ಪಿಲ್ಲ, ಜೊತೆಗೆ ಮೊಟ್ಟೆಯೋ ಮಾಂಸವೋ ಇರಬೇಕು. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಮಾತ್ರ ಯಾವ ನಾಯಿಗೂ ಬೇಡ. ಅವು ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೀದಿಯಲ್ಲೇ ಬೆಳೆದು ದೊಡ್ಡದಾದ ನಾಯಿಗೆ ನಾಲ್ಕು ಗೋಡೆ ಸೆರೆಮನೆಯಾಗಬಹುದು. ಎಳೆಯ ಮರಿ ಹೊಂದಿಕೊಳ್ಳುತ್ತದೆ. ಕಾಯುವ ಬುದ್ಧಿ ಅದಕ್ಕೂ ಇರುವುದರಿಂದ ಬಾಗಿಲ ಸದ್ದಿಗೆ ಸುಮ್ಮನಿರುವುದನ್ನು ಕಲಿಸಬೇಕಾಗುತ್ತದೆ.

ಯಾವ ತಳಿಯಾದರೂ ಫ್ಲ್ಯಾಟಿನಲ್ಲಿ ಉಣ್ಣೆಹುಳುವನ್ನು ಹಗುರವಾಗಿ ಕಾಣಬಾರದು. ಕಂದು ಬಣ್ಣದ ನಾಯಿ ಉಣ್ಣೆ ತನ್ನ ಇಡೀ ಬಾಳನ್ನು ಮನೆಯೊಳಗೇ ಮುಗಿಸಬಲ್ಲದು: ಗೋಡೆಯ ಬಿರುಕು, ಕಪಾಟಿನ ಸಂದುಗಳಲ್ಲಿ ಮೊಟ್ಟೆಯಿಟ್ಟು, ಮರಿಯಾಗಿ, ರಕ್ತ ಬೇಕಾದಾಗ ಮಾತ್ರ ನಾಯಿಯ ಮೈಗೇರುತ್ತದೆ. ಕರ್ನಾಟಕದ ಪಶುವೈದ್ಯರು ದಿನವೂ ಕಾಣುವ ಉಣ್ಣೆಜ್ವರ ಹರಡುವುದು ಇದರಿಂದ. ಉದ್ದ ಕೂದಲಿನ ಶಿಟ್ಸುವಿನಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ, ಗಿಡ್ಡ ಕೂದಲಿನ ನಾಯಿಯಲ್ಲಿ ಕೈಗೆ ಸಿಗುತ್ತದೆ.

ಕಾನೂನು ತಳಿಯ ಆಯ್ಕೆಯನ್ನು ಬಹುಮಟ್ಟಿಗೆ ಮನೆಯವರಿಗೇ ಬಿಟ್ಟಿದೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯಂತೆ ನಿವಾಸಿಗಳ ಸಂಘ ನಾಯಿ ಸಾಕುವುದನ್ನಾಗಲಿ, ಇಂಥ ತಳಿ ಅಥವಾ ಗಾತ್ರದ ನಾಯಿಯನ್ನಾಗಲಿ ನಿಷೇಧಿಸುವಂತಿಲ್ಲ, ಲಿಫ್ಟು ಹತ್ತಿಸಬಾರದು ಎನ್ನುವಂತಿಲ್ಲ. ಫ್ಲ್ಯಾಟಿಗೆ ಒಂದೇ ನಾಯಿ ಎಂಬ ನಿಯಮವನ್ನು 2018ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ತಂದು, ವಿರೋಧ ಬಂದಾಗ ಹಿಂತೆಗೆದುಕೊಂಡಿತು. 23 ತಳಿಗಳನ್ನು ಉಗ್ರವೆಂದು ನಿಷೇಧಿಸುವಂತೆ ಕೇಂದ್ರ ಸರ್ಕಾರ 2024ರ ಮಾರ್ಚಿನಲ್ಲಿ ಹೊರಡಿಸಿದ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟು ಮರುತಿಂಗಳೇ ರದ್ದುಪಡಿಸಿತು. ಹಗ್ಗ ಹಿಡಿದು ನಡೆಸುವುದು, ಹೇಲು ಎತ್ತುವುದು, ರೇಬಿಸ್ ಲಸಿಕೆ ಹಾಕಿಸುವುದು ಮಾಲೀಕರ ಪಾಲಿಗೆ ಉಳಿದ ಕರ್ತವ್ಯಗಳು.

ಮರಿ ತರುವ ವಯಸ್ಸೂ ತಳಿಯಷ್ಟೇ ತೂಕದ ವಿಷಯ. ಎಂಟು ವಾರ ತುಂಬದ ಮರಿ ಮಾರುವುದು 2017ರ ಕೇಂದ್ರ ನಿಯಮಗಳಿಗೆ ವಿರುದ್ಧ. ಮೂರರಿಂದ ಹನ್ನೆರಡು ವಾರಗಳ ನಡುವೆ ಕಂಡು ಕೇಳಿದ್ದನ್ನು ಮರಿ ಹೆದರದೆ ಒಪ್ಪಿಕೊಳ್ಳುತ್ತದೆ. ಲಿಫ್ಟು, ಕುಕ್ಕರು, ಸ್ಕೂಟರು, ಗಡ್ಡದವರು, ಹೆಲ್ಮೆಟ್ಟಿನವರು ಎಲ್ಲದರ ಪರಿಚಯ ಆಗಲೇ ಆಗಬೇಕು. ಲಸಿಕೆ ಪೂರ್ತಿಯಾಗುವ ತನಕ ನೆಲಕ್ಕೆ ಬಿಡದೆ ಎತ್ತಿಕೊಂಡು ತಿರುಗಾಡಿಸಬಹುದು. ಮರಿಯ ಜೊತೆ ಅದರ ತಾಯಿಯನ್ನೂ ನೋಡಲು ಬಿಡದ ಮಾರಾಟಗಾರನಿಂದ ಕೊಳ್ಳದಿರುವುದು ಲೇಸು. ಎರಡು ತಿಂಗಳ ಮರಿ ಮೂರು ಗಂಟೆಗಿಂತ ಹೆಚ್ಚು ಹೊತ್ತು ಉಚ್ಚೆ ತಡೆಯಲಾರದು. ಗಂಡಹೆಂಡಿರಿಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೊರಟು ಸಂಜೆ ಮರಳುವ ಮನೆಗೆ ಮರಿಗಿಂತ, ಮನೆಯಲ್ಲಿ ಬೆಳೆದು ಕಾರಣಾಂತರದಿಂದ ಆಶ್ರಯತಾಣ ಸೇರಿದ ಎರಡು ಮೂರು ವರ್ಷದ ನಾಯಿ ಮೇಲು. ಅದರ ಗಾತ್ರ ಇನ್ನು ಬದಲಾಗದು, ಬೊಗಳುವ ಚಾಳಿ ಎಷ್ಟೆಂದು ಆಗಲೇ ಗೊತ್ತಿರುತ್ತದೆ, ಒಂಟಿಯಾಗಿದ್ದರೆ ಏನು ಮಾಡುತ್ತದೆಂದು ನೋಡಿಕೊಳ್ಳುವವರು ಹೇಳಬಲ್ಲರು. 1991ರಿಂದ ಬೆಂಗಳೂರಿನಲ್ಲಿರುವ ಕ್ಯೂಪಾದಂಥ ಸಂಸ್ಥೆಗಳು ಇಂಥ ನಾಯಿಗಳನ್ನು ದತ್ತು ಕೊಡುತ್ತವೆ.