ವೈದ್ಯನ ಪದವಿ, ಯೋಧನ ಪದವಿ

ಕನ್ನಡದಲ್ಲಿ 'ಪದವಿ' ಎಂಬ ಮಾತಿಗೆ ಎರಡು ಅರ್ಥಗಳುಂಟು. ವಿಶ್ವವಿದ್ಯಾಲಯವು ಘಟಿಕೋತ್ಸವದಲ್ಲಿ ಕೊಡುವುದೂ ಪದವಿಯೇ. ರಾಜ್ಯವು ತನ್ನ ಸೇವಕನಿಗೆ ಕೊಡುವ ಸ್ಥಾನವೂ ಪದವಿಯೇ. ಮೊದಲನೆಯದು ಕಲಿತುದಕ್ಕೆ ಸಾಕ್ಷಿ. ಎರಡನೆಯದು ಹೊತ್ತ ಹೊಣೆಗೆ ಗುರುತು. ಮೊದಲನೆಯದನ್ನು ಗಳಿಸಿದವನಿಗೆ ಎರಡನೆಯದು ತಾನಾಗಿ ಒದಗಿ ಬರಬೇಕೆ? ಈ ಪ್ರಶ್ನೆ ಎಲ್ಲ ಉದ್ಯೋಗಗಳಲ್ಲಿಯೂ ಇದೆ. ಆದರೆ ಅದು ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿ ನಿಲ್ಲುವುದು ಸೇನೆಯ ವೈದ್ಯರ ವಿಷಯದಲ್ಲಿ. ಏಕೆಂದರೆ ಅಲ್ಲಿ ಪ್ರತಿಯೊಬ್ಬನ ದರ್ಜೆಯೂ ಅವನ ಭುಜದ ಮೇಲೆಯೇ ಇರುತ್ತದೆ.

ಬೆಳಗಾವಿ, ದಾವಣಗೆರೆ, ಕಲಬುರಗಿ, ವಿಜಯಪುರ, ಮೈಸೂರುಗಳ ವೈದ್ಯಕೀಯ ಕಾಲೇಜುಗಳಿಂದ ಪ್ರತಿವರ್ಷವೂ ನೂರಾರು ತರುಣ ತರುಣಿಯರು ಎಂ.ಬಿ.ಬಿ.ಎಸ್. ಮುಗಿಸಿ ಹೊರಬರುತ್ತಾರೆ. ಅವರಲ್ಲಿ ಯಾರಾದರೂ ಸೇನೆಗೆ ಸೇರುವ ಮಾತೆತ್ತಿದರೆ ಮನೆಯ ಹಿರಿಯರು ಸಹಜವಾಗಿ ಕೇಳುವ ಪ್ರಶ್ನೆ ಒಂದೇ: "ಎಂ.ಡಿ. ಮುಗಿಸಿಕೊಂಡೇ ಹೋದರೆ ನೇರವಾಗಿ ಮೇಜರ್ ಮಾಡುತ್ತಾರೆಯೇ?" ಭಾರತದಲ್ಲಿ ಇದಕ್ಕೆ ಉತ್ತರ, ಇಲ್ಲ ಎಂಬುದು. ಹಾಗೆಂದು ಹೆಚ್ಚಿನ ವಿದ್ಯೆ ವ್ಯರ್ಥವಾಗುತ್ತದೆಂದು ಭಾವಿಸಬಾರದು. ಅದಕ್ಕೆ ಸಲ್ಲುವ ಮನ್ನಣೆಯ ರೀತಿ ಬೇರೆ. ಆ ರೀತಿಯನ್ನು ತಿಳಿಯದೆ ತೀರ್ಮಾನ ಕೈಗೊಂಡರೆ ಮಕ್ಕಳ ಬಾಳಿನ ಅಮೂಲ್ಯವಾದ ಕೆಲವು ವರ್ಷಗಳೇ ಲೆಕ್ಕ ತಪ್ಪುತ್ತವೆ. ಆದಕಾರಣ ಈ ವಿಷಯವನ್ನು ತುಸು ವಿವರವಾಗಿ ನೋಡೋಣ.

ದರ್ಜೆಗಳ ಪರಿಚಯ

ಭೂಸೇನೆಯ ಅಧಿಕಾರಿಗಳಲ್ಲಿ ಮೊದಲ ಮೆಟ್ಟಿಲು ಲೆಫ್ಟಿನೆಂಟ್. ಭುಜದ ಮೇಲೆ ಎರಡು ನಕ್ಷತ್ರಗಳು. ಅದರ ಮೇಲೆ ಮೂರು ನಕ್ಷತ್ರಗಳ ಕ್ಯಾಪ್ಟನ್. ಮೇಜರನಿಗೆ ನಕ್ಷತ್ರಗಳಿಲ್ಲ, ರಾಷ್ಟ್ರಲಾಂಛನ ಒಂದೇ. ಲಾಂಛನದೊಡನೆ ಒಂದು ನಕ್ಷತ್ರವಿದ್ದರೆ ಲೆಫ್ಟಿನೆಂಟ್ ಕರ್ನಲ್, ಎರಡಿದ್ದರೆ ಕರ್ನಲ್. ನೌಕಾಸೇನೆಯ ಹೆಸರುಗಳು ಬೇರೆಯಾದುದರಿಂದ ಅನೇಕರು ಗೊಂದಲಕ್ಕೊಳಗಾಗುತ್ತಾರೆ. ಭೂಸೇನೆಯ ಕ್ಯಾಪ್ಟನ್‌ಗೆ ಸಮನಾದವನು ನೌಕಾಸೇನೆಯಲ್ಲಿ ಲೆಫ್ಟಿನೆಂಟ್. ವಾಯುಸೇನೆಯಲ್ಲಿ ಫ್ಲೈಟ್ ಲೆಫ್ಟಿನೆಂಟ್. ನೌಕಾಸೇನೆಯ ಕ್ಯಾಪ್ಟನ್ ಎಂದರೆ ಭೂಸೇನೆಯ ಕರ್ನಲ್‌ಗೆ ಸಮಾನ. ಆದುದರಿಂದ ನೆರೆಮನೆಯ ಮಗ ನೌಕಾಸೇನೆಯಲ್ಲಿ 'ಸರ್ಜನ್ ಲೆಫ್ಟಿನೆಂಟ್' ಆದನೆಂದು ಕೇಳಿ, ನಮ್ಮ ಮಗ ಕ್ಯಾಪ್ಟನ್ ಎಂದು ಹೆಮ್ಮೆಪಡುವುದಕ್ಕೆ ಆಧಾರವಿಲ್ಲ. ಇಬ್ಬರೂ ಒಂದೇ ಮೆಟ್ಟಿಲಿನ ಮೇಲಿದ್ದಾರೆ.

ಪದವಿಪತ್ರವೇ ಗೋಡೆಯಾಗಿದ್ದ ಕಾಲ

ಇಂದಿನ ವ್ಯವಸ್ಥೆಯ ಬೆಲೆ ತಿಳಿಯಬೇಕಾದರೆ ಹಿಂದಿನದನ್ನು ನೋಡಬೇಕು. ಈಸ್ಟ್ ಇಂಡಿಯಾ ಕಂಪನಿಯು 1764ರಲ್ಲಿ ಬಂಗಾಳದಲ್ಲಿ ಆರಂಭಿಸಿದ ವೈದ್ಯಕೀಯ ಸೇವೆಯೇ ಮುಂದೆ ಇಂಡಿಯನ್ ಮೆಡಿಕಲ್ ಸರ್ವಿಸ್ ಎಂದು ಬೆಳೆಯಿತು. ಬಹುಕಾಲ ಅದಕ್ಕೆ ನೇಮಕ ನಡೆಯುತ್ತಿದ್ದುದು ಕಂಪನಿಯ ನಿರ್ದೇಶಕರ ಶಿಫಾರಸಿನ ಮೇಲೆ. 1855ರಲ್ಲಿ ಲಂಡನ್ನಿನಲ್ಲಿ ಸ್ಪರ್ಧಾ ಪರೀಕ್ಷೆ ಮೊದಲಾಗಿ, ಆ ವರ್ಷವೇ ಬಂಗಾಳದ ಸೂರ್ಯಕುಮಾರ ಚಕ್ರವರ್ತಿಯವರು ಉತ್ತೀರ್ಣರಾಗಿ ಆ ಸೇವೆಗೆ ಸೇರಿದ ಮೊದಲ ಭಾರತೀಯರಾದರು.

ಆದರೆ ಅದೇ ಸೇನೆಯಲ್ಲಿ ವೈದ್ಯರ ಇನ್ನೊಂದು ವರ್ಗವೂ ಇತ್ತು. ವೈದ್ಯಕೀಯ ಶಾಲೆಗಳಲ್ಲಿ ಓದಿ ಲೈಸೆನ್ಷಿಯೇಟ್ ಪ್ರಮಾಣಪತ್ರ ಪಡೆದ ಭಾರತೀಯರು ಇಂಡಿಯನ್ ಮೆಡಿಕಲ್ ಡಿಪಾರ್ಟ್‌ಮೆಂಟಿನಲ್ಲಿ ಸಬ್ ಅಸಿಸ್ಟೆಂಟ್ ಸರ್ಜನ್‌ಗಳಾಗಿ ದುಡಿಯುತ್ತಿದ್ದರು. ಅವರಿಗೆ ದೊರೆಯುತ್ತಿದ್ದುದು ಜಮಾದಾರ, ಸುಬೇದಾರ ದರ್ಜೆಗಳು ಮಾತ್ರ. ಪದವೀಧರನಾಗಿ ಹೊಸತಾಗಿ ಬಂದ ತರುಣ ಲೆಫ್ಟಿನೆಂಟನಿಗೆ, ಇಪ್ಪತ್ತು ವರ್ಷ ಗಾಯಾಳುಗಳ ಶುಶ್ರೂಷೆ ಮಾಡಿದ ಸುಬೇದಾರ ವೈದ್ಯನು ಸೆಲ್ಯೂಟ್ ಮಾಡಬೇಕಾಗಿತ್ತು. ಗಾಯ ಒಂದೇ, ಔಷಧ ಒಂದೇ, ಗುಂಡಿನ ಅಪಾಯವೂ ಒಂದೇ, ವ್ಯತ್ಯಾಸವಿದ್ದುದು ಕಾಗದದಲ್ಲಿ.

ಎರಡನೆಯ ಮಹಾಯುದ್ಧದ ನಡುವೆ, 1943ರ ಏಪ್ರಿಲ್ 3ರಂದು, ಈ ವಿಭಾಗಗಳನ್ನೆಲ್ಲ ಒಂದುಗೂಡಿಸಿ ಸೇನಾ ವೈದ್ಯಕೀಯ ದಳವನ್ನು ಕಟ್ಟಲಾಯಿತು. ಇಂದಿಗೂ ಏಪ್ರಿಲ್ 3 ಆ ದಳದ ಸಂಸ್ಥಾಪನಾ ದಿನ. 1946ರಲ್ಲಿ ಭೋರ್ ಸಮಿತಿಯು, ದೇಶಕ್ಕೆ ಎರಡು ಬಗೆಯ ವೈದ್ಯರು ಬೇಡ, ಎಲ್ಲರಿಗೂ ಒಂದೇ ಮೂಲಪದವಿ ಇರಲಿ ಎಂದು ಸೂಚಿಸಿತು. 1948ರ ಮೇ 1ರಂದು ಪುಣೆಯಲ್ಲಿ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು ಸ್ಥಾಪನೆಯಾಯಿತು. ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳ ವಿಭಾಗ ಅಲ್ಲಿ ಆರಂಭವಾದುದು 1962ರ ಆಗಸ್ಟ್ 4ರಂದು. ವೈದ್ಯರ ನಡುವಿನ ಆ ಹಳೆಯ ಗೋಡೆ ಹೀಗೆ ಬಿದ್ದಿತು.

ಇಂದಿನ ನಿಯಮ

ಇಂದು ನಾಗರಿಕ ಕಾಲೇಜುಗಳಲ್ಲಿ ಓದಿ, ಇಂಟರ್ನ್‌ಷಿಪ್ ಮುಗಿಸಿ, ಶಾರ್ಟ್ ಸರ್ವಿಸ್ ಕಮಿಷನ್ ಮೂಲಕ ಸೇರುವ ವೈದ್ಯನಿಗೆ ಆರಂಭದಲ್ಲಿಯೇ ಕ್ಯಾಪ್ಟನ್ ದರ್ಜೆ, ಅಥವಾ ಇತರ ಎರಡು ಪಡೆಗಳಲ್ಲಿ ಅದಕ್ಕೆ ಸಮನಾದುದು. ಇದು ವೈದ್ಯನ ದೀರ್ಘ ವ್ಯಾಸಂಗಕ್ಕೆ ಸಂದ ಮೊದಲ ಮನ್ನಣೆ. ಪದಾತಿದಳದ ತರುಣ ಅಧಿಕಾರಿಯು ಲೆಫ್ಟಿನೆಂಟ್ ಆಗಿ ಆರಂಭಿಸಬೇಕು. ಆದರೆ ಎಂ.ಡಿ. ಅಥವಾ ಎಂ.ಎಸ್. ಪಡೆದು ಬಂದವನೂ ಅದೇ ಮೂರು ನಕ್ಷತ್ರಗಳನ್ನೇ ಧರಿಸುತ್ತಾನೆ. ಏಳನೆಯ ವೇತನ ಆಯೋಗದ ಶ್ರೇಣಿಯಲ್ಲಿ ಕ್ಯಾಪ್ಟನ್‌ನ ಮೂಲವೇತನ 61,300 ರೂಪಾಯಿಗಳಿಂದ ಆರಂಭ. ಸೇನಾ ಸೇವಾ ವೇತನ 15,500 ರೂಪಾಯಿ. ಖಾಸಗಿ ವೃತ್ತಿ ಮಾಡದಿರುವುದಕ್ಕಾಗಿ ಮೂಲವೇತನದ ಶೇಕಡಾ 20ರ ಭತ್ಯೆ. ಈ ಶ್ರೇಣಿಯೂ ದರ್ಜೆಗೆ ಅಂಟಿಕೊಂಡದ್ದು.

ಹಾಗಾದರೆ ಸ್ನಾತಕೋತ್ತರ ಪದವಿಯಿಂದ ಏನು ದೊರೆಯಿತು? ಮೂರು ಸಂಗತಿಗಳು. ಮೊದಲನೆಯದು ವಯಸ್ಸಿನ ರಿಯಾಯಿತಿ. ಇತ್ತೀಚಿನ ಪ್ರಕಟಣೆಗಳಲ್ಲಿ ಎಂ.ಬಿ.ಬಿ.ಎಸ್. ಪಡೆದವರಿಗೆ 30, ಸ್ನಾತಕೋತ್ತರ ಪದವೀಧರರಿಗೆ 35 ವರ್ಷಗಳ ಮಿತಿ ಇದೆ. ಎರಡನೆಯದು ಸೇವಾ ಹಿರಿತನ. ಸೇನೆಯಲ್ಲಿ ಇದನ್ನು 'ಆಂಟಿ-ಡೇಟ್' ಎನ್ನುತ್ತಾರೆ. ಅಂದರೆ ಸೇರಿದ ದಿನಾಂಕವನ್ನು ಕಾಗದದ ಮೇಲೆ ಕೆಲವು ತಿಂಗಳು ಹಿಂದಕ್ಕೆ ಒಯ್ದು, ಅಂದಿನಿಂದಲೇ ಸೇವೆಯಲ್ಲಿದ್ದನೆಂದು ಎಣಿಸುವುದು. ಇದರಿಂದ ಮುಂದಿನ ಬಡ್ತಿಯ ದಿನ ಹತ್ತಿರವಾಗುತ್ತದೆ. ಎಷ್ಟು ತಿಂಗಳೆಂಬುದನ್ನು ಪದವಿಯೋ ಡಿಪ್ಲೊಮಾವೋ ಎಂಬುದನ್ನು ಅನುಸರಿಸಿ ಆಯಾ ಕಾಲದ ಆದೇಶಗಳು ಗೊತ್ತುಮಾಡುತ್ತವೆ. ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ತಜ್ಞನೆಂಬ ಶ್ರೇಣೀಕರಣ. ಸೇನಾ ಆಸ್ಪತ್ರೆಗಳಲ್ಲಿ ಸ್ನಾತಕೋತ್ತರ ವಿದ್ಯೆ ಪಡೆದವರು ಮೊದಲು 'ಗ್ರೇಡೆಡ್' ತಜ್ಞರಾಗಿ, ಅನುಭವ ಬಲಿತ ಮೇಲೆ 'ಕ್ಲಾಸಿಫೈಡ್' ತಜ್ಞರಾಗಿ ಪರಿಗಣಿತರಾಗುತ್ತಾರೆ. ಭುಜದ ಮೇಲಿನ ಏಣಿ ಒಂದು. ಆಸ್ಪತ್ರೆಯೊಳಗಿನ ಈ ಏಣಿ ಇನ್ನೊಂದು. ಉನ್ನತ ಪದವಿಯು ಏರಿಸುವುದು ಎರಡನೆಯ ಏಣಿಯನ್ನು.

ಮೊದಲು ಸೇರುವುದೋ, ಮೊದಲು ಓದುವುದೋ

ಈಗ ಮನೆಗಳಲ್ಲಿ ನಿಜವಾಗಿ ಎದುರಾಗುವ ಪ್ರಶ್ನೆಗೆ ಬರೋಣ. ಒಂದೇ ವರ್ಷ ಎಂ.ಬಿ.ಬಿ.ಎಸ್. ಮುಗಿಸಿದ ಇಬ್ಬರು ಸಹಪಾಠಿಗಳನ್ನು ಊಹಿಸಿಕೊಳ್ಳಿ. ಒಬ್ಬಳು ಕೂಡಲೇ ಸೇನೆಗೆ ಸೇರುತ್ತಾಳೆ. ಇನ್ನೊಬ್ಬಳು ಮೂರು ವರ್ಷ ಎಂ.ಡಿ. ಓದಿ ಆಮೇಲೆ ಸೇರುತ್ತಾಳೆ. ಎರಡನೆಯವಳು ಬರುವ ಹೊತ್ತಿಗೆ ಮೊದಲನೆಯವಳಿಗೆ ಮೂರು ವರ್ಷದ ಸೇವೆ, ಮೂರು ವರ್ಷದ ಸಂಬಳ, ಲಖನೌದ ತರಬೇತಿ, ಗಡಿನಾಡಿನ ಪಡೆಗಳೊಡನೆ ಬಾಳಿದ ಅನುಭವ ಎಲ್ಲವೂ ಕೂಡಿವೆ. ಎರಡನೆಯವಳ ಪದವಿಗೆ ಸಿಕ್ಕುವ ಆಂಟಿ-ಡೇಟ್ ಆ ಅಂತರವನ್ನು ತಗ್ಗಿಸುತ್ತದೆ. ಆದರೆ ಅವಳನ್ನು ಗೆಳತಿಗಿಂತ ಮೇಲಿನ ದರ್ಜೆಯಲ್ಲಿ ಕೂಡಿಸುವುದಿಲ್ಲ. ಪ್ರತಿಯಾಗಿ, ಎರಡನೆಯವಳು ಬಂದೊಡನೆ ತನ್ನ ವಿಷಯದ ತಜ್ಞೆ. ಮೊದಲನೆಯವಳು ಸೇವೆಯ ಮೂಲಕ ಸ್ನಾತಕೋತ್ತರ ಸ್ಥಾನಕ್ಕಾಗಿ ಕಾಯಬೇಕು, ಸ್ಪರ್ಧಿಸಬೇಕು; ದೊರೆತರೆ ಸಂಬಳ ಪಡೆಯುತ್ತಲೇ ಓದಬಹುದು.

ಇದಕ್ಕೆ ಇನ್ನೊಂದು ಎಣಿಕೆಯೂ ಸೇರಬೇಕು. ಶಾರ್ಟ್ ಸರ್ವಿಸ್ ಕಮಿಷನ್ ಮೊದಲು 5 ವರ್ಷಕ್ಕೆ. ಬಳಿಕ ಎರಡು ಕಂತುಗಳಲ್ಲಿ ವಿಸ್ತರಿಸಿ ಹೆಚ್ಚೆಂದರೆ 14 ವರ್ಷ. ಅಧಿಕಾರಿಗೆ ನಿವೃತ್ತಿ ವೇತನ ಬೇಕಾದರೆ ಸಾಮಾನ್ಯವಾಗಿ 20 ವರ್ಷಗಳ ಸೇವೆ ಅಗತ್ಯ. ಬಾಳೆಲ್ಲ ಸೇನೆಯಲ್ಲಿಯೇ ಕಳೆಯಬೇಕೆನ್ನುವವರು ಇಲಾಖಾ ಪರೀಕ್ಷೆಯ ಮೂಲಕ ಖಾಯಂ ಕಮಿಷನ್ ಪಡೆಯಬೇಕು. ಅಂಥವರಿಗೆ ಬೇಗ ಸೇರುವುದು ಅನುಕೂಲ. ಕೆಲವು ವರ್ಷ ದೇಶಸೇವೆ ಮಾಡಿ ಊರಿಗೆ ಮರಳಿ ಆಸ್ಪತ್ರೆ ನಡೆಸಬೇಕೆನ್ನುವವರಿಗೆ ಎಂ.ಡಿ. ಮುಗಿಸಿ ಹೋಗುವುದೇ ಲೇಸು. ದರ್ಜೆಯ ಆಸೆಯೊಂದನ್ನೇ ಹಿಡಿದು ಈ ತೀರ್ಮಾನ ಮಾಡುವುದು ತಕ್ಕುದಲ್ಲ.

ಅಮೆರಿಕದ ಲೆಕ್ಕಾಚಾರ

ಎಲ್ಲ ದೇಶಗಳೂ ಹೀಗೆಯೇ ಎಣಿಸುವುದಿಲ್ಲ. ನಮ್ಮ ಅನೇಕ ಮನೆಗಳ ಮಕ್ಕಳು ಅಮೆರಿಕದಲ್ಲಿ ನೆಲೆಸಿದ್ದಾರೆ. ಅವರ ಮಕ್ಕಳು ಅಲ್ಲಿಯ ಪ್ರಜೆಗಳು. ಅಲ್ಲಿನ ನಿಯಮವನ್ನು ಇಲ್ಲಿಯದೆಂದು ತಿಳಿದು ಹೇಳುವವರೂ ಉಂಟಾದುದರಿಂದ ಅದನ್ನೂ ಅರಿಯುವುದು ಒಳ್ಳೆಯದು.

ಅಮೆರಿಕದ ಕಾಯಿದೆಯು ವ್ಯಾಸಂಗವನ್ನು ನೇರವಾಗಿ ಸೇವಾವರ್ಷಗಳಾಗಿ ಪರಿವರ್ತಿಸುತ್ತದೆ. ವೈದ್ಯಕೀಯ ಪದವಿಗೆ ನಾಲ್ಕು ವರ್ಷ. ಆದುದರಿಂದ ಹೊಸ ವೈದ್ಯನು ಭೂಸೇನೆಯಲ್ಲಿ ಕ್ಯಾಪ್ಟನ್ ಆಗಿ ಆರಂಭಿಸುತ್ತಾನೆ. ಅನಂತರ ತಜ್ಞತೆಗಾಗಿ ಆಸ್ಪತ್ರೆಯಲ್ಲಿ ಕಳೆದ ಪ್ರತಿಯೊಂದು ವರ್ಷಕ್ಕೂ ಒಂದು ವರ್ಷ. ವೃತ್ತಿಯ ಅನುಭವಕ್ಕೂ ಒಂದಿಷ್ಟು ಪಾಲು. ಹೀಗೆ ಕೂಡಿದ ವರ್ಷಗಳು ಸಾಕಷ್ಟಾದರೆ ಅನುಭವಿ ಶಸ್ತ್ರವೈದ್ಯನು ಮೇಜರ್ ಆಗಿಯೋ ಅದಕ್ಕೂ ಮೇಲಿನ ದರ್ಜೆಯಲ್ಲಿಯೋ ಪ್ರವೇಶಿಸಬಹುದು. ಆದರೆ ಅಲ್ಲಿಯೂ ಒಂದು ಕಟ್ಟಳೆ ಇದೆ: ಒಂದೇ ಕಾಲವನ್ನು ಎರಡು ಸಲ ಎಣಿಸಲಾಗದು. ಎಂ.ಡಿ.ಯೊಡನೆ ಪಿಎಚ್.ಡಿ.ಯನ್ನೂ ಸಂಪಾದಿಸಿದವನು ಎರಡು ಪದವಿಗಳನ್ನು ತೋರಿಸಿ ಇಮ್ಮಡಿ ದರ್ಜೆ ಕೇಳುವಂತಿಲ್ಲ. 1972ರ ಕಾಯಿದೆಯಿಂದ ಸ್ಥಾಪಿತವಾದ ಅಲ್ಲಿನ ಸೇನಾ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ಓದುವವರು ವ್ಯಾಸಂಗ ಮುಗಿಯುವವರೆಗೂ ಅಧಿಕಾರಿಗಳ ಕಟ್ಟಕಡೆಯ ದರ್ಜೆಯಲ್ಲಿಯೇ ಇರುತ್ತಾರೆ.

ಎರಡು ದೇಶಗಳ ದಾರಿ ಬೇರೆಯಾದರೂ ತತ್ತ್ವ ಒಂದೇ. ಸೇನೆಯು ಹೆಸರಿನ ಮುಂದಿನ ಅಕ್ಷರಗಳನ್ನು ಎಣಿಸುವುದಿಲ್ಲ. ಆ ಅಕ್ಷರಗಳ ಹಿಂದಿನ ದುಡಿಮೆಯ ವರ್ಷಗಳನ್ನು ಎಣಿಸುತ್ತದೆ. ಅಮೆರಿಕವು ಆ ವರ್ಷಗಳನ್ನು ಬಾಗಿಲಲ್ಲಿಯೇ ದರ್ಜೆಯಾಗಿ ಕೊಡುತ್ತದೆ. ಭಾರತವು ಹಿರಿತನವಾಗಿ ಬರೆದಿಟ್ಟುಕೊಂಡು ಮುಂದೆ ಸಲ್ಲಿಸುತ್ತದೆ.

ವಿದ್ಯೆಯ ಫಲ ಕಾಣುವ ಕಾಲ

ಮುಂದೆ ಸಲ್ಲುವ ಆ ಫಲ ಚಿಕ್ಕದಲ್ಲ. ಸ್ತ್ರೀರೋಗ ತಜ್ಞೆ ಪುನೀತಾ ಅರೋರಾ ಅವರು ಪುಣೆಯ ಕಾಲೇಜಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ 1968ರಲ್ಲಿ ಸೇವೆಗೆ ಸೇರಿದರು; 2004ರಲ್ಲಿ ಲೆಫ್ಟಿನೆಂಟ್ ಜನರಲ್ ಆದರು. ಆ ದರ್ಜೆಗೇರಿದ ಮೊದಲ ಮಹಿಳೆ ಅವರು. ವಿಕಿರಣ ಚಿಕಿತ್ಸಾ ತಜ್ಞೆ ಆರತಿ ಸರೀನ್ ಅವರು 1985ರಲ್ಲಿ ಸೇರಿ, ಸೇವೆಯಲ್ಲಿದ್ದುಕೊಂಡೇ ಉನ್ನತ ವಿದ್ಯೆ ಪಡೆದು, 2024ರ ಅಕ್ಟೋಬರಿನಲ್ಲಿ ಮೂರೂ ಪಡೆಗಳ ವೈದ್ಯಕೀಯ ಸೇವೆಗಳ ಮಹಾನಿರ್ದೇಶಕರಾದ ಮೊದಲ ಮಹಿಳೆಯಾದರು. ಇವರ ತಜ್ಞತೆಯು ಪ್ರವೇಶದ ದಿನ ಒಂದು ನಕ್ಷತ್ರವನ್ನೂ ಹೆಚ್ಚಿಗೆ ತರಲಿಲ್ಲ; ನಡೆದ ದೂರಕ್ಕೆ ಅದು ಬಲವಾಯಿತು.

ನಮ್ಮ ಬೆಂಗಳೂರಿಗೂ ಈ ಕಥೆಯಲ್ಲಿ ಪಾಲಿದೆ. 1957ರಲ್ಲಿ ಇಲ್ಲಿ ಆರಂಭವಾದ ವೈಮಾನಿಕ ವೈದ್ಯಶಾಲೆಯು ಇಂದು ಅಂತರಿಕ್ಷ ವೈದ್ಯಕೀಯದಲ್ಲಿ ಎಂ.ಡಿ. ಪದವಿಗೆ ತರಬೇತಿ ನೀಡುವ ಸಂಸ್ಥೆಯಾಗಿ ಬೆಳೆದಿದೆ. ಅದಕ್ಕೂ ಮುಂಚೆ, ಮಲೇರಿಯಾದ ಗುಟ್ಟನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಬಯಲು ಮಾಡಿದ ಸೇನಾ ವೈದ್ಯ ರೊನಾಲ್ಡ್ ರಾಸ್ ಅವರು ಬೆಂಗಳೂರಿನಲ್ಲಿ ಕಾಲರಾ ತಡೆಯುವ ಕೆಲಸ ಮಾಡಿದ್ದರು. 1902ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಸಂಶೋಧನೆಯ ವೇಳೆಗೆ ಅವರು ಸರ್ಜನ್ ಮೇಜರ್ ಮಾತ್ರ. ಅಂದು ಅವರಿಗಿಂತ ಮೇಲಿನ ದರ್ಜೆಯಲ್ಲಿದ್ದವರ ಹೆಸರುಗಳನ್ನು ಲೋಕ ಇಂದು ಬಲ್ಲುದೇ?

ಸೇನೆಯಲ್ಲಿ ವೈದ್ಯನಿಗೆ ದರ್ಜೆ ಕೊಟ್ಟಿರುವುದು ಅಲಂಕಾರಕ್ಕಲ್ಲ. ಕರ್ನಲ್ ಒಬ್ಬನ ಹೃದಯ ದುರ್ಬಲವಾಗಿದ್ದರೆ, ಎತ್ತರದ ಗಡಿಗೆ ಹೋಗಲು ಅವನು ಯೋಗ್ಯನಲ್ಲವೆಂದು ಬರೆಯಬೇಕಾದವನು ಕ್ಯಾಪ್ಟನ್ ವೈದ್ಯನೇ ಆಗಿರಬಹುದು. ಆ ಕ್ಷಣದಲ್ಲಿ ಲೇಖನಿಗೆ ಬಲ ಕೊಡುವುದು ಭುಜದ ನಕ್ಷತ್ರವಲ್ಲ, ಕಲಿತ ವಿದ್ಯೆ ಮತ್ತು ಅದನ್ನು ನಂಬಿ ನಿಲ್ಲುವ ಧೈರ್ಯ. ಆದುದರಿಂದ ತಂದೆತಾಯಿಗಳಲ್ಲಿ ನಮ್ಮ ವಿನಂತಿ ಇಷ್ಟೆ: ಮಕ್ಕಳು ಸೇನೆಗೆ ಹೊರಟರೆ ಆ ವರ್ಷದ ಪ್ರಕಟಣೆಯನ್ನು ಕೂಲಂಕಷವಾಗಿ ಓದಿರಿ, ವಯಸ್ಸನ್ನೂ ಅವಧಿಯನ್ನೂ ಎಣಿಸಿರಿ, ಅವರಿಗೆ ಯಾವ ವಿಷಯದಲ್ಲಿ ಒಲವಿದೆಯೆಂದು ಕೇಳಿರಿ. ಮೇಜರ್ ಆಗುವುದು ಯಾವಾಗ ಎಂಬ ಪ್ರಶ್ನೆಗೆ ಕಾಲವೇ ಉತ್ತರ ಕೊಡುತ್ತದೆ; ಒಳ್ಳೆಯ ವೈದ್ಯನಾಗುವುದು ಹೇಗೆ ಎಂಬ ಪ್ರಶ್ನೆಯನ್ನು ಮಾತ್ರ ಮಕ್ಕಳೇ ಬಿಡಿಸಿಕೊಳ್ಳಬೇಕು.