ಹಸುಗೂಸಿನ ಕಣ್ಣು ನೀರಿಡುವುದು

ಅಳದೆ ಮಲಗಿರುವ ಎಳೆಯ ಕೂಸಿನ ಕಣ್ಣು ನೀರಿಡುತ್ತಿದ್ದರೆ, ಬೆಳಗಾಗುವ ಹೊತ್ತಿಗೆ ರೆಪ್ಪೆಗಳು ಗೀಜಿನಿಂದ ಅಂಟಿಕೊಂಡಿದ್ದರೆ, ಮನೆಯವರು ಕಳವಳಪಡುವುದು ಸಹಜ. ಕಣ್ಣೀರು ಮೂಗಿನೊಳಕ್ಕೆ ಇಳಿದುಹೋಗಲು ಪ್ರಕೃತಿಯು ಒಂದು ನಾಳವನ್ನು ಕಲ್ಪಿಸಿದೆ. ನಾವು ಅತ್ತಾಗ ಮೂಗು ಸೋರುವುದು ಇದರಿಂದಲೇ. ಕೆಲವು ಕೂಸುಗಳಲ್ಲಿ ಈ ನಾಳದ ಕೆಳತುದಿಯ ತೆಳುಪೊರೆಯು ಹುಟ್ಟುವ ವೇಳೆಗೆ ತೆರೆದಿರುವುದಿಲ್ಲ. ಅಂತಹ ನೂರು ಕೂಸುಗಳಲ್ಲಿ ಸುಮಾರು 90ಕ್ಕೆ ವರ್ಷ ತುಂಬುವುದರೊಳಗೆ ಅದು ತಾನಾಗಿಯೇ ತೆರೆಯುತ್ತದೆ.

ಆದಕಾರಣ ನಾವು ಮಾಡತಕ್ಕದ್ದು ಅಲ್ಪವೇ. 1923ರಲ್ಲಿ ಅಮೆರಿಕದ ವೈದ್ಯ ಕ್ರಿಗ್ಲರ್ ವಿವರಿಸಿದ ಉಪಾಯವು ಇಂದಿಗೂ ರೂಢಿಯಲ್ಲಿದೆ. ಉಗುರು ತೆಗೆದು ಸೋಪಿನಿಂದ ತೊಳೆದ ಬೆರಳನ್ನು ಕಣ್ಣಿನ ಒಳಮೂಲೆಗೂ ಮೂಗಿಗೂ ನಡುವೆ ಇಟ್ಟು, ತುಸು ಒತ್ತಿ, ಮೂಗಿನ ಪಕ್ಕದಲ್ಲಿ ಕೆಳಕ್ಕೆ ನೀವಬೇಕು. ಬರಿದೆ ಸವರಿದರೆ ಪ್ರಯೋಜನವಿಲ್ಲ. ಒಳಗೆ ನಿಂತ ನೀರಿನ ಒತ್ತಡವೇ ಪೊರೆಯನ್ನು ಬಿಡಿಸಬೇಕು. ದಿನಕ್ಕೆ ಮೂರು ನಾಲ್ಕು ವೇಳೆ, ಪ್ರತಿ ವೇಳೆಗೂ ಐದಾರು ಸಲ ಸಾಕು. ಮೊದಲೊಮ್ಮೆ ವೈದ್ಯರಿಂದ ನೋಡಿ ಕಲಿಯುವುದು ಲೇಸು.

ಗೀಜನ್ನು ಕಾಯಿಸಿ ಆರಿಸಿದ ನೀರಿನಲ್ಲಿ ಅದ್ದಿದ ಹತ್ತಿಯಿಂದ ಒರಸಬೇಕು. ಕಾಡಿಗೆ, ಹರಳೆಣ್ಣೆಗಳು ಬೇಡ. ಅಜ್ಜಿಯರ ವಾತ್ಸಲ್ಯವನ್ನು ನಾವು ಗೌರವಿಸುತ್ತೇವೆ, ಈ ಮದ್ದುಗಳನ್ನಲ್ಲ.

ಆದರೆ ಕಣ್ಣಾಗಲಿ ಒಳಮೂಲೆಯಾಗಲಿ ಕೆಂಪೇರಿ ಊದಿದರೆ, ಜ್ವರ ಬಂದರೆ, ನೀವುವುದನ್ನು ಬಿಟ್ಟು ಅಂದೇ ವೈದ್ಯರಲ್ಲಿಗೆ ಒಯ್ಯಬೇಕು. ಕೂಸು ಬೆಳಕನ್ನು ಸಹಿಸದೆ, ಅದರ ಕಪ್ಪುಗುಡ್ಡೆ ದೊಡ್ಡದಾಗಿಯೋ ಮಬ್ಬಾಗಿಯೋ ಕಂಡರಂತೂ ತಡಮಾಡಲೇಬಾರದು. ಅದು ದೃಷ್ಟಿಯನ್ನೇ ಕಳೆಯುವ ಗ್ಲಾಕೋಮಾ ಇದ್ದೀತು. ಇವೊಂದೂ ಇಲ್ಲದೆ, ವರ್ಷ ಕಳೆದರೂ ನೀರು ನಿಲ್ಲದಿದ್ದರೆ, ವೈದ್ಯರು ಕೂಸಿಗೆ ಅರಿವಳಿಕೆ ಕೊಟ್ಟು, ಸಣ್ಣ ಶಲಾಕೆಯೊಂದನ್ನು ನಾಳದೊಳಕ್ಕೆ ಇಳಿಸಿ ಮಾರ್ಗವನ್ನು ಬಿಡಿಸುತ್ತಾರೆ.