ವಿಜ್ಞಾನ ಪತ್ರಿಕೆಗಳ ಉಲ್ಲೇಖಕ್ರಮ ಮತ್ತು ಕನ್ನಡದ ಆಕರಗಳು: ಮುಂಬಯಿಯ ಕೆಲವು ನಿದರ್ಶನಗಳು

ಕರ್ನಾಟಕದ ಹೊರಗೆ ನೆಲೆಸಿ ಕನ್ನಡದ ಆಕರಗಳನ್ನು ಬಳಸುವ ಸಂಶೋಧಕರ ಪೈಕಿ ಈಗ ಸಾಹಿತ್ಯದ ವಿದ್ಯಾರ್ಥಿಗಳು ಮಾತ್ರವಲ್ಲ, ವಿಜ್ಞಾನಿಗಳೂ ಇದ್ದಾರೆ. ಶಾಸನಗಳಲ್ಲಿ ದಾಖಲಾದ ಗ್ರಹಣಗಳು ಖಗೋಳಶಾಸ್ತ್ರಜ್ಞರಿಗೆ ಬೇಕು. ಕೆರೆ ಕಾಲುವೆಗಳ ದಾನಪತ್ರಗಳು ಜಲವಿಜ್ಞಾನಿಗಳಿಗೆ ಬೇಕು. ಇಂತಹವರ ಲೇಖನಗಳು ಇಂಗ್ಲಿಷಿನ ವಿಜ್ಞಾನ ಪತ್ರಿಕೆಗಳಿಗೆ ಹೋಗುತ್ತವೆ. ಆ ಪತ್ರಿಕೆಗಳ ಉಲ್ಲೇಖಕ್ರಮವು ಕನ್ನಡದ ಹೆಸರನ್ನಾಗಲಿ ಕನ್ನಡದ ಆಕರವನ್ನಾಗಲಿ ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡದ್ದಲ್ಲ. ಆದುದರಿಂದ ಸೂಚನೆಗಳನ್ನು ಅಕ್ಷರಶಃ ಪಾಲಿಸಿಯೂ ಓದುಗನನ್ನು ತಪ್ಪು ಪುಟಕ್ಕೆ ಕಳುಹಿಸುವುದು ಸಾಧ್ಯ. ಇದು ಹೇಗೆ ಸಂಭವಿಸುತ್ತದೆ ಎಂಬುದನ್ನು ತೋರಿಸುವುದು ಪ್ರಸ್ತುತ ಟಿಪ್ಪಣಿಯ ಉದ್ದೇಶ.

ಕ್ರಮಗಳು ಸ್ಥೂಲವಾಗಿ ಎರಡು. ಲೇಖಕನ ಹೆಸರು ಮತ್ತು ವರ್ಷವನ್ನು ಮೂಲಪಾಠದಲ್ಲಿಯೇ ಕೊಡುವುದು ಒಂದು. ಉಲ್ಲೇಖಗಳಿಗೆ ಅವು ಬರುವ ಅನುಕ್ರಮದಲ್ಲಿ ಅಂಕಿ ಕೊಡುವುದು ಇನ್ನೊಂದು. ಎರಡನೆಯದು 1978ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಸೇರಿದ ವೈದ್ಯಕೀಯ ಪತ್ರಿಕೆಗಳ ಸಂಪಾದಕರಿಂದ ರೂಪುಗೊಂಡು ಆ ನಗರದ ಹೆಸರನ್ನೇ ಹೊತ್ತಿದೆ. ಇಲ್ಲಿ ಪತ್ರಿಕೆಯ ಹೆಸರು ಸಂಕ್ಷೇಪಗೊಳ್ಳುತ್ತದೆ. ವರ್ಷ, ಸಂಪುಟ, ಪುಟ ಒಂದರ ಹಿಂದೊಂದು ಅಂಕಿಗಳಾಗಿ ನಿಲ್ಲುತ್ತವೆ. ಮಿತವ್ಯಯದ ಕ್ರಮವಿದು, ಒಂದು ಅಂಕಿ ದಾರಿ ತಪ್ಪಿದರೆ ಎಚ್ಚರಿಸಲು ಬೇರೆ ಪದಗಳೇ ಉಳಿದಿರುವುದಿಲ್ಲ.

ಮುಂಬಯಿಯ ಕೋಟೆ ಪ್ರದೇಶದ ಟೌನ್‌ಹಾಲಿನಲ್ಲಿರುವ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆ ಇದಕ್ಕೆ ಒಳ್ಳೆಯ ನಿದರ್ಶನ. 1804ರಲ್ಲಿ ಲಿಟರರಿ ಸೊಸೈಟಿ ಎಂದು ಆರಂಭವಾದ ಈ ಸಂಸ್ಥೆ ಮುಂದೆ ರಾಯಲ್ ಏಷ್ಯಾಟಿಕ್ ಸೊಸೈಟಿಯ ಬೊಂಬಾಯಿ ಶಾಖೆಯಾಗಿ, ಆ ಹೆಸರಿನಲ್ಲಿ 1841ರಿಂದ ಪತ್ರಿಕೆಯನ್ನು ಹೊರತಂದಿತು. ಬೊಂಬಾಯಿ ಸಿವಿಲ್ ಸರ್ವಿಸಿನ ಜೆ.ಎಫ್. ಫ್ಲೀಟ್ ಅವರು ಸವದತ್ತಿ ಮತ್ತು ಬೆಳಗಾವಿಯ ರಟ್ಟ ಮಾಂಡಲಿಕರ ಸಂಸ್ಕೃತ ಹಾಗೂ ಹಳಗನ್ನಡ ಶಾಸನಗಳನ್ನು ಪ್ರಕಟಿಸಿದ್ದು ಈ ಪತ್ರಿಕೆಯ ಹತ್ತನೆಯ ಸಂಪುಟದಲ್ಲಿ. ಸಂಪುಟದ ಅವಧಿ 1871ರಿಂದ 1874. ಆದರೆ 1925ರಲ್ಲಿ ಪತ್ರಿಕೆಯು ಹೊಸ ಶ್ರೇಣಿಯನ್ನು ಆರಂಭಿಸಿ, ಸಂಪುಟಗಳನ್ನು ಮತ್ತೆ ಒಂದರಿಂದ ಎಣಿಸತೊಡಗಿತು. ಹಾಗಾಗಿ 1934ರಲ್ಲಿ ಇನ್ನೊಂದು ಹತ್ತನೆಯ ಸಂಪುಟ ಬಂದಿತು. ಶ್ರೇಣಿಯನ್ನು ಹೇಳದೆ ಸಂಪುಟ ಹತ್ತು ಎಂದಷ್ಟೇ ಬರೆದವನು ಗ್ರಂಥಾಲಯದ ಸಹಾಯಕನಿಂದ ಯಾವ ಸಂಪುಟವನ್ನು ತರಿಸುತ್ತಾನೆ? ವರ್ಷ ಸರಿಯಿದ್ದರೆ ಗೊಂದಲ ಬಗೆಹರಿದೀತು. ಆದರೆ ಮತ್ತೊಬ್ಬರ ಪಟ್ಟಿಯಿಂದ ನಕಲು ಮಾಡುವಾಗ ಮೊದಲು ಕೆಡುವುದು ವರ್ಷವೇ. ಪತ್ರಿಕೆಯ ಹೆಸರಿನ ಬೆನ್ನಿಗೇ ಶ್ರೇಣಿಯನ್ನು ಸೂಚಿಸಲು ಯಾವ ಕ್ರಮದಲ್ಲಿಯೂ ಅಡ್ಡಿಯಿಲ್ಲ. ನಾಲ್ಕು ವರ್ಷಗಳ ಸಂಪುಟಕ್ಕೆ ಆ ನಾಲ್ಕು ವರ್ಷಗಳ ಅವಧಿಯನ್ನೇ ಕೊಡಬೇಕು. ಒಂದನ್ನು ಆರಿಸಿಕೊಳ್ಳುವ ಅಧಿಕಾರ ನಮಗಿಲ್ಲ. ಅಂತೆಯೇ, ಸಂಸ್ಥೆಯ ಇಂದಿನ ಹೆಸರನ್ನು ಹಳೆಯ ಸಂಪುಟಕ್ಕೆ ಅಂಟಿಸಲಾಗದು.

ಫ್ಲೀಟ್ ಅವರದೇ ಇನ್ನೊಂದು ಕೃತಿ, ಬೊಂಬಾಯಿ ಇಲಾಖೆಯ ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತದ್ದು, ಮೊದಲು 1882ರಲ್ಲಿ ಪುಸ್ತಕವಾಗಿಯೂ ಬಳಿಕ 1896ರಲ್ಲಿ ಪರಿಷ್ಕೃತಗೊಂಡು ಬೊಂಬಾಯಿ ಗೆಜೆಟಿಯರಿನ ಮೊದಲ ಸಂಪುಟದ ಎರಡನೆಯ ಭಾಗದಲ್ಲಿಯೂ ಪ್ರಕಟವಾಯಿತು. ಎರಡನ್ನೂ ಒಂದೇ ಕೃತಿಯೆಂಬಂತೆ ಉಲ್ಲೇಖಿಸಿದರೆ, ಫ್ಲೀಟ್ ಅವರೇ ಕೈಬಿಟ್ಟ ಅಭಿಪ್ರಾಯವನ್ನು ಅವರ ಅಂತಿಮ ಅಭಿಪ್ರಾಯವೆಂದು ಸಾರುವ ಅಪಾಯವಿದೆ.

ಶ್ರವಣಬೆಳಗೊಳದ ಶಾಸನಗಳ ಸ್ಥಿತಿ ಇದಕ್ಕಿಂತ ಜಟಿಲ. ಎಪಿಗ್ರಾಫಿಯಾ ಕರ್ನಾಟಿಕದ ಎರಡನೆಯ ಸಂಪುಟ ಮೂರು ಬಾರಿ ಬಂದಿದೆ. 1889ರ ಬಿ.ಎಲ್. ರೈಸ್ ಅವರ ಆವೃತ್ತಿಯಲ್ಲಿ 144 ಶಾಸನಗಳಿದ್ದವು, 1923ರ ಆರ್. ನರಸಿಂಹಾಚಾರ್ ಅವರ ಆವೃತ್ತಿಯಲ್ಲಿ 500. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ ತಂದುದರಲ್ಲಿ 573. ಪ್ರತಿ ಬಾರಿಯೂ ಶಾಸನಗಳ ಕ್ರಮಸಂಖ್ಯೆ ಬದಲಾಗಿದೆ. ಆವೃತ್ತಿಯ ವರ್ಷವಿಲ್ಲದ ಶಾಸನಸಂಖ್ಯೆ ಅರ್ಥಹೀನ ಎಂದರೂ ಅತಿಶಯೋಕ್ತಿಯಲ್ಲ.

ಇನ್ನು ಹೆಸರುಗಳ ವಿಚಾರ. ಕುಲನಾಮವನ್ನು ಮುಂದಿಟ್ಟು ಉಳಿದುದನ್ನು ಮೊದಲಕ್ಷರಗಳಿಗೆ ಇಳಿಸಿರಿ ಎಂಬುದು ವಿಜ್ಞಾನ ಪತ್ರಿಕೆಗಳ ಸಾಮಾನ್ಯ ಆದೇಶ. ದ.ರಾ. ಬೇಂದ್ರೆಯವರ ಹೆಸರು ಇದಕ್ಕೆ ಸುಲಭವಾಗಿ ಒಗ್ಗುತ್ತದೆ: ದತ್ತಾತ್ರೇಯ ಅವರ ಹೆಸರು, ರಾಮಚಂದ್ರ ತಂದೆಯದು, ಬೇಂದ್ರೆ ಮನೆತನದ್ದು. ಕೆ.ವಿ. ಪುಟ್ಟಪ್ಪನವರ ಹೆಸರಿನಲ್ಲಿಯೂ ಎರಡೇ ಮೊದಲಕ್ಷರಗಳು. ಆದರೆ ಕುಪ್ಪಳಿ ಊರು, ವೆಂಕಟಪ್ಪ ತಂದೆ, ಕೊನೆಯ ಪುಟ್ಟಪ್ಪ ಎಂಬುದೇ ಅವರ ಸ್ವಂತ ಹೆಸರು. ಹೊರನೋಟಕ್ಕೆ ಒಂದೇ ಬಗೆಯ ಎರಡು ಹೆಸರುಗಳ ಒಳರಚನೆ ತಲೆಕೆಳಗಾಗಿದೆ. ಪಟ್ಟಿಯಲ್ಲಿ ಪುಟ್ಟಪ್ಪ ಎಂಬುದನ್ನೇ ಮುಂದಿಡುವುದು ಸರಿ, ಅದು ಕುಲನಾಮವಲ್ಲದಿದ್ದರೂ. ರಸಾಯನವಿಜ್ಞಾನಿ ಸಿ.ಎನ್.ಆರ್. ರಾವ್ ಅವರ ವಿಷಯದಲ್ಲಿ ರಾಮಚಂದ್ರ ಎಂಬ ಸ್ವಂತ ಹೆಸರು ಒಂದು ಅಕ್ಷರವಾಗಿ ಮರೆಗೆ ಸರಿದು, ಗೌರವಸೂಚಕವಾದ ರಾವ್ ಶಿರೋನಾಮವಾಗಿದೆ. ಅವರು ಸದಾ ಒಂದೇ ರೂಪದಲ್ಲಿ ಬರೆದುದರಿಂದ ತೊಡಕಾಗಿಲ್ಲ. ಮೂರು ಮೊದಲಕ್ಷರಗಳಲ್ಲಿ ಒಂದನ್ನು ಕೈಬಿಟ್ಟರೆ ಮಾತ್ರ ಅಸಂಖ್ಯ ರಾವ್‌ಗಳ ನಡುವೆ ಅವರನ್ನು ಹುಡುಕಬೇಕಾದೀತು.

ಮುಂಬಯಿ ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ವಿಶೇಷ ತೊಂದರೆಯಿದೆ. ಮಹಾರಾಷ್ಟ್ರದ ಶಾಲಾ ಕಾಲೇಜುಗಳ ದಾಖಲೆಗಳಲ್ಲಿ ಅಡ್ಡಹೆಸರು, ಸ್ವಂತ ಹೆಸರು, ತಂದೆಯ ಹೆಸರು ಎಂಬ ಅನುಕ್ರಮ ರೂಢಿಯಲ್ಲಿದೆ. ಶೆಟ್ಟಿ, ಪೈ, ಕಾಮತ್ ಎಂಬಂತಹ ಅಡ್ಡಹೆಸರುಳ್ಳವರಿಗೆ ಇದು ಬಾಧಕವಲ್ಲ. ಹಳೆಯ ಮೈಸೂರಿನ ಕಡೆಯಿಂದ ಬರಿಯ ಮೊದಲಕ್ಷರಗಳೊಡನೆ ಬಂದವರಿಗೆ ಮಾತ್ರ ಊರಿನ ಹೆಸರೋ ತಂದೆಯ ಹೆಸರೋ ಅಡ್ಡಹೆಸರಾಗಿಬಿಡುತ್ತದೆ. ಬೆಂಗಳೂರಿನಲ್ಲಿದ್ದಾಗ ಪ್ರಕಟಿಸಿದ ಲೇಖನ ಒಂದು ಹೆಸರಿನಲ್ಲಿ, ಮುಂಬಯಿಗೆ ಬಂದ ಮೇಲಿನದು ಇನ್ನೊಂದು ಹೆಸರಿನಲ್ಲಿ. ಉಲ್ಲೇಖಗಳನ್ನು ಎಣಿಸಿ ವಿದ್ವಾಂಸನನ್ನು ಅಳೆಯುವ ಈ ಕಾಲದಲ್ಲಿ ಒಬ್ಬನೇ ವ್ಯಕ್ತಿ ಇಬ್ಬರಾಗಿ ಎಣಿಕೆಗೆ ಬರುತ್ತಾನೆ. ಮೊದಲ ಲೇಖನ ಕಳುಹಿಸುವ ಮುನ್ನವೇ ತನ್ನ ಹೆಸರಿನ ಒಂದು ರೂಪವನ್ನು ನಿಶ್ಚಯಿಸಿ ಅದನ್ನು ಬಿಡದಿರುವುದೇ ಕ್ಷೇಮ. ಇತರರನ್ನು ಉಲ್ಲೇಖಿಸುವಾಗ ಅವರು ತಮ್ಮ ಕೃತಿಗಳಲ್ಲಿ ಬಳಸಿದ ರೂಪವೇ ಪ್ರಮಾಣ. ಗಣಕಯಂತ್ರದ ಉಲ್ಲೇಖ ತಂತ್ರಾಂಶಗಳು ಹೆಸರಿನ ಕೊನೆಯ ಪದವನ್ನು ಕುಲನಾಮವೆಂದು ಎಣಿಸಿಬಿಡುವುದುಂಟು. ಪಟ್ಟಿ ಸಿದ್ಧವಾದ ಬಳಿಕ ಒಮ್ಮೆ ಕಣ್ಣಾರೆ ನೋಡಲೇಬೇಕು.

ಪ್ರಕಟಣಸ್ಥಳದ ಬಗ್ಗೆ ಒಂದು ಮಾತು. ನಗರದ ಇಂಗ್ಲಿಷ್ ಹೆಸರು ಬಾಂಬೆಯಿಂದ ಮುಂಬಯಿಗೆ ಬದಲಾದದ್ದು 1995ರಲ್ಲಿ; ವಿಶ್ವವಿದ್ಯಾಲಯದ ಹೆಸರು ಬದಲಾದದ್ದು ಮರುವರ್ಷ. ಅದಕ್ಕೆ ಮುಂಚಿನ ಇಂಗ್ಲಿಷ್ ಪುಸ್ತಕಗಳಿಗೆ ಶೀರ್ಷಿಕೆಪುಟದಲ್ಲಿರುವಂತೆ ಬಾಂಬೆ ಎಂದೇ ಬರೆಯಬೇಕು. ಆದರೆ ಕನ್ನಡ ಪುಸ್ತಕಗಳು ಬಹುಮಟ್ಟಿಗೆ ಮೊದಲಿನಿಂದಲೂ ಮುಂಬಯಿ ಎಂದೇ ಅಚ್ಚಾಗಿವೆ. ಅವನ್ನು ಬಾಂಬೆಗೆ ತಿರುಗಿಸುವುದು ವಿನೋದವೆನಿಸುವಷ್ಟು ಅನವಶ್ಯಕ.

ಕನ್ನಡ ಶೀರ್ಷಿಕೆಯನ್ನು ಮೊದಲು ರೋಮನ್ ಲಿಪಿಗೆ ಲಿಪ್ಯಂತರಿಸಿ, ಚೌಕ ಕಂಸದಲ್ಲಿ ಇಂಗ್ಲಿಷ್ ಅರ್ಥವನ್ನು ಕೊಟ್ಟು, ಕೊನೆಗೆ ಭಾಷೆಯನ್ನು ಹೆಸರಿಸುವುದು ಅನುಕೂಲ. ಬರಿಯ ಅನುವಾದವನ್ನು ಕೊಟ್ಟರೆ ಯಾವ ಗ್ರಂಥಾಲಯದ ಸೂಚಿಯಲ್ಲಿಯೂ ಪುಸ್ತಕ ಸಿಗದು. ಸಂಸ್ಕೃತದಲ್ಲಿ ಹ್ರಸ್ವ ಎಕಾರ ಒಕಾರಗಳಿಲ್ಲದ ಕಾರಣ ಆ ಭಾಷೆಗಾಗಿ ಮಾಡಿದ ಲಿಪ್ಯಂತರ ಕ್ರಮದಲ್ಲಿ ನಮ್ಮ ಕೊಡು ಮತ್ತು ಕೋಡು ಒಂದೇ ಆಗಿಬಿಡುತ್ತವೆ. 2001ರ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 15919 ದೀರ್ಘಸ್ವರದ ಮೇಲೆ ಅಡ್ಡಗೆರೆ ಎಳೆದು ಇವನ್ನು ಬೇರ್ಪಡಿಸುತ್ತದೆ. ಶಕವರ್ಷ ಮಾತ್ರ ಮುದ್ರಿತವಾಗಿದ್ದರೆ ಅದನ್ನು ಹಾಗೆಯೇ ಬರೆದು, 78 ಕೂಡಿಸಿ ಬಂದ ಕ್ರಿಸ್ತವರ್ಷವನ್ನು ಚೌಕ ಕಂಸದಲ್ಲಿ ಸೇರಿಸಬೇಕು. ಪ್ರಕಟಣೆಯ ತಿಂಗಳು ಜನವರಿಯಿಂದ ಯುಗಾದಿಯೊಳಗಿನದೆಂದು ತಿಳಿದಿದ್ದರೆ ಕೂಡಿಸಬೇಕಾದ್ದು 79.